ಫೀಡ್‌ನೊಳಗೆ ಎಚ್‌ಟಿಎಂಎಲ್: ನಮ್ಮ ಪ್ರಕಟಣೆಗಳು ದಾರಿಯಲ್ಲಿ ಅರ್ಥ ಕಳೆದುಕೊಳ್ಳದಿರಲಿ



ಕೆಲವು ವರ್ಷಗಳ ಹಿಂದಿನ ಮಾತು. ಮಳೆಗಾಲದ ಒಂದು ದಿನ, ನಾನು ನೋಡಿಕೊಳ್ಳುತ್ತಿದ್ದ ಧರ್ಮಕೇಂದ್ರವೊಂದರ ಜಾಲತಾಣದಲ್ಲಿ ಹಿರಿಯರೊಬ್ಬರ ಮರಣ ವಾರ್ತೆಯನ್ನು ಪ್ರಕಟಿಸಬೇಕಾಯಿತು. ಅಂತ್ಯಕ್ರಿಯೆಯ ಬಲಿಪೂಜೆ ಸಂಜೆ 4.30ಕ್ಕೆ ಎಂದು ಹಿಂದಿನ ರಾತ್ರಿ ಬಾಯಿಯಿಂದ ಬಾಯಿಗೆ ಸುದ್ದಿ ಹೋಗಿತ್ತು. ಬೆಳಿಗ್ಗೆ ಮನೆಯವರು ಅದನ್ನು 3.30ಕ್ಕೆ ಬದಲಾಯಿಸಿದರು. ಮೊದಲಿನ ಸಮಯ ಕೇಳಿದವರಿಗೂ ಬದಲಾವಣೆ ತಿಳಿಯಲಿ ಎಂದು ನಾನು 4.30ರ ಮೇಲೆ ಒಂದು ಅಡ್ಡಗೆರೆ ಎಳೆದು, ಅದರ ಪಕ್ಕದಲ್ಲೇ 3.30 ಎಂದು ಕೆಂಪು ಬಣ್ಣದಲ್ಲಿ ಹಾಕಿದೆ. ನನ್ನ ಗಣಕಯಂತ್ರದ ಪರದೆಯಲ್ಲಿ ಎಲ್ಲವೂ ಸ್ಪಷ್ಟವಾಗಿಯೇ ಇತ್ತು.

ಸಂಜೆ ಕುವೈಟ್‌ನಿಂದ ಮೃತರ ಬಂಧುವೊಬ್ಬರ ಫೋನ್ ಬಂತು. "ಮಾಸ್ಟ್ರೇ, ನೀವು ಹಾಕಿದ್ದರಲ್ಲಿ ನಾಲ್ಕೂವರೆ ಅಂತಲೇ ಮೊದಲು ಇತ್ತಲ್ಲ? ನಾನು ಊರಿನವರಿಗೆಲ್ಲ ಹಾಗೇ ಹೇಳಿಬಿಟ್ಟೆ." ಅವರು ನಮ್ಮ ತಾಣಕ್ಕೆ ಬಂದು ಓದಿದವರಲ್ಲ. ಮೊಬೈಲಿನ ಒಂದು ಫೀಡ್ ರೀಡರ್‌ನಲ್ಲಿ ಓದಿದವರು. ಅಲ್ಲಿ ಅಡ್ಡಗೆರೆಯೂ ಇರಲಿಲ್ಲ, ಕೆಂಪು ಬಣ್ಣವೂ ಇರಲಿಲ್ಲ. "ಸಂಜೆ 4.30 3.30 ಗಂಟೆಗೆ" ಎಂದಷ್ಟೇ ಇತ್ತು. ಅವರ ಮಾತನ್ನು ನಂಬಿ ಕುಂದಾಪುರದ ಕಡೆಯಿಂದ ಎರಡು ಕಾರುಗಳಲ್ಲಿ ಹೊರಟವರು ಬಂದು ಮುಟ್ಟುವಾಗ ಸಮಾಧಿಗೆ ಮಣ್ಣು ಹಾಕಿ ಆಗಿತ್ತು. ಆ ಕಾರಿನಲ್ಲಿ ಮೃತರ ತಂಗಿಯೂ ಇದ್ದರು.

ಈ ತಪ್ಪು ಹೇಗಾಯಿತು ಎಂದು ತಿಳಿಯಲು ಹೊರಟಾಗ ನಾನು ಕಲಿತ ವಿಷಯಗಳನ್ನು, ನಮ್ಮ ಧರ್ಮಕೇಂದ್ರಗಳಲ್ಲಿ ಜಾಲತಾಣ ನೋಡಿಕೊಳ್ಳುವ ಕಾರ್ಯಕರ್ತರಿಗೂ ಯುವಜನರಿಗೂ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಫೀಡ್ ಎಂದರೇನು?

ಜಾಲತಾಣವೊಂದರಲ್ಲಿ ಹೊಸದೇನು ಬಂದಿದೆ ಎಂಬುದನ್ನು ತಿಳಿಯಲು ಓದುಗರು ಪ್ರತಿದಿನವೂ ಅಲ್ಲಿಗೆ ಹೋಗಿ ನೋಡಬೇಕಾಗಿಲ್ಲ. ತಾಣವು ತನ್ನ ಹೊಸ ಬರಹಗಳ ಪಟ್ಟಿಯನ್ನು ಒಂದು ಕಡತದಲ್ಲಿ ಸಿದ್ಧವಾಗಿ ಇಟ್ಟಿರುತ್ತದೆ. ಪ್ರತಿ ಬರಹದ ಶೀರ್ಷಿಕೆ, ಕೊಂಡಿ, ದಿನಾಂಕ, ವಿವರಣೆ ಅದರಲ್ಲಿರುತ್ತವೆ. ಈ ಕಡತಕ್ಕೆ ಫೀಡ್ ಎಂದು ಹೆಸರು. ಫೀಡ್ ರೀಡರ್ ಎಂಬ ತಂತ್ರಾಂಶ ಆಗಾಗ ಹೋಗಿ ಈ ಕಡತವನ್ನು ತಂದು ಓದುಗರ ಮುಂದಿಡುತ್ತದೆ. ಹತ್ತು ತಾಣಗಳ ಸುದ್ದಿಯನ್ನು ಒಂದೇ ಕಡೆ ಓದಬಹುದು. ಕೆಲವು ತಾಣಗಳು ಇದೇ ಫೀಡ್‌ನಿಂದ ಓದುಗರಿಗೆ ಇ-ಮೇಲ್ ಕಳುಹಿಸುತ್ತವೆ, ಇನ್ನು ಕೆಲವು ಬೇರೆ ತಾಣದ ಶೀರ್ಷಿಕೆಗಳನ್ನು ತಮ್ಮ ಮುಖಪುಟದಲ್ಲಿ ತೋರಿಸುತ್ತವೆ.

ಫೀಡ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವವು ಎರಡು ಬಗೆ. ಒಂದು ಆರ್‌ಎಸ್‌ಎಸ್, ಇನ್ನೊಂದು ಆಟಮ್. (ಇಲ್ಲಿ ಆರ್‌ಎಸ್‌ಎಸ್ ಎಂಬುದು ಯಾವುದೇ ಸಂಘಟನೆಯ ಹೆಸರಲ್ಲ, ‘ರಿಯಲಿ ಸಿಂಪಲ್ ಸಿಂಡಿಕೇಶನ್’ ಎಂಬುದರ ಹ್ರಸ್ವರೂಪ.) ಬಹಳ ಜನಪ್ರಿಯವಾಗಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿದಾಗ ಫೀಡ್‌ಗಳ ಕಾಲ ಮುಗಿಯಿತು ಎಂದು ಹಲವರು ಭಾವಿಸಿದರು. ಆದರೆ ಹಾಗಾಗಲಿಲ್ಲ. ಇಂದು ನಾವು ಮೊಬೈಲಿನಲ್ಲಿ ಕೇಳುವ ಪಾಡ್‌ಕಾಸ್ಟ್‌ಗಳು ಹೆಚ್ಚಾಗಿ ಆರ್‌ಎಸ್‌ಎಸ್ ಫೀಡ್‌ಗಳ ಮೂಲಕವೇ ಹಂಚಿಕೆಯಾಗುತ್ತವೆ. ವರ್ಡ್‌ಪ್ರೆಸ್‌ನಲ್ಲಿ ಮಾಡಿದ ಜಾಲತಾಣ ನಿಮ್ಮದಾಗಿದ್ದರೆ, ನೀವು ಗಮನಿಸದಿದ್ದರೂ ಅದಕ್ಕೆ ಒಂದು ಫೀಡ್ ತಾನಾಗಿಯೇ ಇರುತ್ತದೆ.

ಪೆಟ್ಟಿಗೆ ಮತ್ತು ಉಪ್ಪಿನಕಾಯಿ ಬಾಟಲಿ

ಜಾಲಪುಟದ ಬರಹವನ್ನು ಎಚ್‌ಟಿಎಂಎಲ್ ಎಂಬ ಭಾಷೆಯಲ್ಲಿ ಸಿದ್ಧಪಡಿಸಲಾಗುತ್ತದೆ. ಇಲ್ಲಿ ದಪ್ಪ ಅಕ್ಷರ, ಇಲ್ಲಿ ಹೊಸ ಪ್ಯಾರಾ, ಇಲ್ಲಿ ಕೋಷ್ಟಕ ಎಂದು ಸೂಚಿಸುವ ಗುರುತುಗಳಿಗೆ ಟ್ಯಾಗ್ ಎನ್ನುತ್ತಾರೆ. ಪ್ರತಿ ಟ್ಯಾಗ್‌ನ ಎರಡು ಬದಿಗಳಲ್ಲಿ ಬಾಣದ ಮೊನೆಯಂತಹ ಚಿಹ್ನೆಗಳಿರುತ್ತವೆ. ಗಣಿತದಲ್ಲಿ ‘ಕಡಿಮೆ’, ‘ಹೆಚ್ಚು’ ಎಂದು ತೋರಿಸಲು ಬಳಸುವ ಚಿಹ್ನೆಗಳೇ ಅವು.

ಫೀಡ್ ಕಡತವನ್ನು ಬರೆಯುವುದು ಎಕ್ಸ್‌ಎಂಎಲ್ ಎಂಬ ಇನ್ನೊಂದು ಭಾಷೆಯಲ್ಲಿ. ಇದರಲ್ಲೂ ಟ್ಯಾಗ್‌ಗಳಿವೆ, ಅದೇ ಬಾಣದ ಮೊನೆಗಳಿವೆ. ಇಕ್ಕಟ್ಟು ಇರುವುದೇ ಇಲ್ಲಿ. ಎಚ್‌ಟಿಎಂಎಲ್ ಬರಹವನ್ನು ಹಾಗೆಯೇ ತೆಗೆದು ಫೀಡ್‌ನೊಳಗೆ ಹಾಕಿದರೆ, ಯಾವ ಟ್ಯಾಗ್ ಫೀಡ್‌ಗೆ ಸೇರಿದ್ದು, ಯಾವುದು ಬರಹಕ್ಕೆ ಸೇರಿದ್ದು ಎಂದು ಓದುವ ತಂತ್ರಾಂಶಕ್ಕೆ ತಿಳಿಯುವುದಿಲ್ಲ.

ಇನ್ನೊಂದು ತೊಂದರೆಯೂ ಇದೆ. ಜಾಲಪುಟದಲ್ಲಿ ಒಂದು ಟ್ಯಾಗ್ ಮುಚ್ಚಲು ಮರೆತರೂ ಬ್ರೌಸರ್ ಸುಧಾರಿಸಿಕೊಳ್ಳುತ್ತದೆ. ಎಕ್ಸ್‌ಎಂಎಲ್ ಹಾಗಲ್ಲ. 1998ರಲ್ಲಿ ಬಂದ ಅದರ ನಿಯಮಾವಳಿಯ ಪ್ರಕಾರ, ಇಂತಹ ದೋಷ ಕಂಡರೆ ತಂತ್ರಾಂಶ ಮುಂದೆ ಓದುವುದನ್ನು ನಿಲ್ಲಿಸಬೇಕು. ಹಾಗಾಗಿ ಒಂದು ಬರಹದಲ್ಲಿನ ಒಂದು ಸಣ್ಣ ದೋಷ ಆ ಬರಹವನ್ನು ಮಾತ್ರವಲ್ಲ, ಇಡೀ ಫೀಡ್ ಅನ್ನೇ ಕೆಡಿಸುತ್ತದೆ.

ಗಲ್ಫ್‌ಗೆ ಹೋಗುವವರ ಪೆಟ್ಟಿಗೆ ಕಟ್ಟುವುದನ್ನು ನಮ್ಮ ಊರಿನಲ್ಲಿ ನೋಡದವರಿಲ್ಲ. ಅಮ್ಮ ಕೊಟ್ಟ ಮಾವಿನ ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ಹಾಗೇ ಬಟ್ಟೆಗಳ ನಡುವೆ ಇಡುತ್ತಾರೆಯೇ? ಇಲ್ಲ. ಪ್ಲಾಸ್ಟಿಕ್ ಸುತ್ತಿ, ಗಟ್ಟಿಯಾಗಿ ಕಟ್ಟಿ, ಆಮೇಲೆ ಪೆಟ್ಟಿಗೆಯಲ್ಲಿಡುತ್ತಾರೆ. ಇಲ್ಲದಿದ್ದರೆ ಎಣ್ಣೆ ಸೋರಿ ಪೆಟ್ಟಿಗೆಯ ಬಟ್ಟೆಯೆಲ್ಲ ಹಾಳು. ಫೀಡ್ ಎಂಬ ಪೆಟ್ಟಿಗೆಯಲ್ಲಿ ಎಚ್‌ಟಿಎಂಎಲ್ ಇಡುವಾಗಲೂ ಹೀಗೆಯೇ ಸುತ್ತಿ ಇಡಬೇಕು.

ಸುತ್ತಿ ಇಡುವ ಎರಡು ವಿಧಾನ

ಮೊದಲನೆಯದು, ಅಪಾಯಕಾರಿ ಚಿಹ್ನೆಗಳನ್ನು ಬದಲಾಯಿಸುವುದು. ಎಡಗಡೆಯ ಬಾಣದ ಮೊನೆಯ ಬದಲಿಗೆ ಆಂಪರ್ಸೆಂಡ್ ಚಿಹ್ನೆ, ಎಲ್ ಮತ್ತು ಟಿ ಎಂಬ ಎರಡು ಇಂಗ್ಲಿಷ್ ಅಕ್ಷರ, ಕೊನೆಗೆ ಅರ್ಧವಿರಾಮ ಬರೆಯಲಾಗುತ್ತದೆ. ಬಲಗಡೆಯ ಮೊನೆಗೆ ಜಿ ಮತ್ತು ಟಿ. ಆಂಪರ್ಸೆಂಡ್‌ಗೇ ಎ, ಎಂ, ಪಿ. ಇದನ್ನು ಎಸ್ಕೇಪ್ ಮಾಡುವುದು ಎನ್ನುತ್ತಾರೆ. ಫೀಡ್ ರೀಡರ್ ಈ ಬದಲಿ ಬರಹವನ್ನು ಬಿಚ್ಚಿ, ಮೊದಲಿನ ಎಚ್‌ಟಿಎಂಎಲ್ ಅನ್ನು ಹೊರತೆಗೆದು ತೋರಿಸುತ್ತದೆ.

ಎರಡನೆಯದು, ಇಡೀ ಬರಹವನ್ನು ಸಿಡೇಟಾ ಎಂಬ ಗುರುತುಗಳ ನಡುವೆ ಇಡುವುದು. "ಇಲ್ಲಿಂದ ಮುಗಿಯುವ ಗುರುತಿನವರೆಗೆ ಇರುವುದನ್ನು ಟ್ಯಾಗ್ ಎಂದು ತಿಳಿಯಬೇಡ, ಬರೀ ಅಕ್ಷರ ಎಂದು ತಿಳಿ" ಎಂಬ ಸೂಚನೆ ಅದು. ಚಿಹ್ನೆಗಳನ್ನು ಒಂದೊಂದಾಗಿ ಬದಲಾಯಿಸಬೇಕಾಗಿಲ್ಲ. ಎರಡು ಚೌಕ ಆವರಣಗಳನ್ನು ಮುಚ್ಚಿ ಒಂದು ಬಾಣದ ಮೊನೆ ಹಾಕಿದರೆ ಸಿಡೇಟಾ ಮುಗಿಯುತ್ತದೆ. ಆದ್ದರಿಂದ ಈ ಮೂರು ಚಿಹ್ನೆಗಳು ಬರಹದ ಒಳಗೆ ಒಟ್ಟಾಗಿ ಬರಬಾರದು.

ಎರಡರ ಫಲವೂ ಒಂದೇ. ಆದರೆ ಎರಡನ್ನೂ ಒಟ್ಟಿಗೆ ಮಾಡಬಾರದು. ಎರಡು ಸಲ ಸುತ್ತಿದ್ದನ್ನು ಫೀಡ್ ರೀಡರ್ ಒಂದೇ ಸಲ ಬಿಚ್ಚುತ್ತದೆ. ಆಗ ಓದುಗರ ಮುಂದೆ ಬರಹದ ಬದಲು ಟ್ಯಾಗ್‌ಗಳೇ ಬರುತ್ತವೆ. ಕೆಲವು ಸುದ್ದಿಗಳ ಶೀರ್ಷಿಕೆಯಲ್ಲಿ ಆಂಪರ್ಸೆಂಡ್ ಪಕ್ಕದಲ್ಲಿ ಎ, ಎಂ, ಪಿ ಎಂಬ ಅಕ್ಷರಗಳು ಕಾಣಿಸಿಕೊಳ್ಳುವುದನ್ನು ನೀವು ನೋಡಿರಬಹುದು. ಅದು ಎರಡು ಸಲ ಸುತ್ತಿದ್ದರ ಫಲ.

ಗೊಂದಲ ಬಂದ ಬಗೆ

ಆರ್‌ಎಸ್‌ಎಸ್‌ನ ಮೊದಲ ಆವೃತ್ತಿ 1999ರ ಮಾರ್ಚ್‌ನಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯಿಂದ ಬಂತು. ಅದನ್ನು ರೂಪಿಸಿದವರಲ್ಲಿ ಡ್ಯಾನ್ ಲಿಬ್ಬಿ ಅವರೊಂದಿಗೆ ಮದ್ರಾಸಿನ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ ಅವರೂ ಇದ್ದರು. ಆಗಿನ ಉದ್ದೇಶ ಸಣ್ಣದು, ಶೀರ್ಷಿಕೆ ಮತ್ತು ಒಂದೆರಡು ಸಾಲಿನ ವಿವರಣೆ ತೋರಿಸುವುದು. ವಿವರಣೆಯ ಜಾಗದಲ್ಲಿ ಬರೀ ಅಕ್ಷರಗಳೇ ಇರುತ್ತವೆ ಎಂಬುದು ಲೆಕ್ಕಾಚಾರ.

ಆದರೆ ಬರೆಯುವವರಿಗೆ ಅಷ್ಟು ಸಾಕಾಗಲಿಲ್ಲ. ಕೊಂಡಿ ಬೇಕು, ಚಿತ್ರ ಬೇಕು, ದಪ್ಪ ಅಕ್ಷರ ಬೇಕು. 2000ದ ಡಿಸೆಂಬರ್‌ನಲ್ಲಿ ಡೇವ್ ವೈನರ್ ಅವರು ತಂದ 0.92 ಆವೃತ್ತಿಯಲ್ಲಿ, ವಿವರಣೆಯ ಜಾಗದಲ್ಲಿ ಎಸ್ಕೇಪ್ ಮಾಡಿದ ಎಚ್‌ಟಿಎಂಎಲ್ ಇಡಲು ಅನುಮತಿ ಸಿಕ್ಕಿತು. 2002ರ ಸೆಪ್ಟೆಂಬರ್‌ನಲ್ಲಿ ಬಂದ ಆರ್‌ಎಸ್‌ಎಸ್ 2.0 ಕೂಡ ಅದನ್ನೇ ಮುಂದುವರಿಸಿತು. ಇಂದು ನಾವು ಬಳಸುತ್ತಿರುವುದು ಹೆಚ್ಚಾಗಿ ಈ ಆವೃತ್ತಿಯನ್ನೇ.

ಆದರೆ ಒಂದು ಮುಖ್ಯ ವಿಷಯ ಬಿಟ್ಟುಹೋಯಿತು. ಒಳಗಿರುವುದು ಸಾದಾ ಬರಹವೋ ಎಚ್‌ಟಿಎಂಎಲ್ಲೋ ಎಂದು ಹೇಳುವ ಗುರುತನ್ನೇ ಇಡಲಿಲ್ಲ. ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸದೆ ಕಳುಹಿಸಿದ ಹಾಗೆ. ಶೀರ್ಷಿಕೆಯಲ್ಲಿ ಎಚ್‌ಟಿಎಂಎಲ್ ಇರಬಹುದೇ ಎಂಬುದಕ್ಕೆ ಸ್ಪಷ್ಟ ಉತ್ತರವೇ ಇಲ್ಲ. ಹಾಗಾಗಿ ಪ್ರತಿ ಫೀಡ್ ರೀಡರ್ ತನಗೆ ತೋಚಿದಂತೆ ಊಹಿಸುತ್ತದೆ, ಒಂದರಲ್ಲಿ ಸರಿಯಾಗಿ ಕಾಣುವುದು ಇನ್ನೊಂದರಲ್ಲಿ ಕೆಡುತ್ತದೆ.

ಈ ಗೊಂದಲಕ್ಕೆ ಒಂದು ಪರಿಹಾರ ಆರ್‌ಎಸ್‌ಎಸ್ 1.0 ಗುಂಪಿನಿಂದ ಬಂತು. ‘ಕಂಟೆಂಟ್ ಎನ್‌ಕೋಡೆಡ್’ ಎಂಬ ಬೇರೆಯೇ ಜಾಗವನ್ನು ಅವರು ಮಾಡಿಕೊಟ್ಟರು. ಸಾರಾಂಶಕ್ಕೆ ವಿವರಣೆಯ ಜಾಗ, ಪೂರ್ಣ ಎಚ್‌ಟಿಎಂಎಲ್ ಬರಹಕ್ಕೆ ಈ ಹೊಸ ಜಾಗ. ಆರ್‌ಎಸ್‌ಎಸ್ 2.0 ಫೀಡ್‌ಗಳಲ್ಲೂ ಇದನ್ನು ಬಳಸಬಹುದು. ವರ್ಡ್‌ಪ್ರೆಸ್ ಮಾಡುವುದೂ ಇದನ್ನೇ.

2005ರ ಡಿಸೆಂಬರ್‌ನಲ್ಲಿ ಆಟಮ್ ಅಧಿಕೃತ ಮಾನದಂಡವಾಗಿ ಪ್ರಕಟವಾಯಿತು. ಅಂತರ್ಜಾಲದ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆಯ 4287ನೇ ದಾಖಲೆ ಅದು. ಅದರಲ್ಲಿ ಚೀಟಿ ಅಂಟಿಸುವ ಪದ್ಧತಿ ಬಂತು. ಶೀರ್ಷಿಕೆಯಾಗಲಿ, ಸಾರಾಂಶವಾಗಲಿ, ಬರಹವಾಗಲಿ, ಅದು ಟೆಕ್ಸ್ಟ್, ಎಚ್‌ಟಿಎಂಎಲ್, ಎಕ್ಸ್‌ಎಚ್‌ಟಿಎಂಎಲ್ ಎಂಬ ಮೂರರಲ್ಲಿ ಯಾವುದೆಂದು ಬರೆಯಬಹುದು. ಏನೂ ಬರೆಯದಿದ್ದರೆ ಸಾದಾ ಬರಹ ಎಂದೇ ಅರ್ಥ. ಊಹೆಗೆ ಎಡೆಯಿಲ್ಲ. 2017ರಲ್ಲಿ ಬಂದ ಜೇಸನ್ ಫೀಡ್ ಎಂಬ ಹೊಸ ಬಗೆಯಲ್ಲೂ ಸಾದಾ ಬರಹಕ್ಕೆ ಒಂದು, ಎಚ್‌ಟಿಎಂಎಲ್‌ಗೆ ಒಂದು ಎಂದು ಎರಡು ಪ್ರತ್ಯೇಕ ಜಾಗಗಳಿವೆ.

ಓದುಗರ ಬದಿಯ ಕತ್ತರಿ

ಸರಿಯಾಗಿ ಸುತ್ತಿ ಕಳುಹಿಸಿದೆವು ಎಂದುಕೊಳ್ಳೋಣ. ಅಷ್ಟಾದರೂ ನಾವು ಹಾಕಿದ್ದೆಲ್ಲ ಓದುಗರಿಗೆ ತಲುಪುವುದಿಲ್ಲ. ಏಕೆಂದರೆ ಫೀಡ್ ರೀಡರ್ ಒಳಗಿನ ಎಚ್‌ಟಿಎಂಎಲ್ ಅನ್ನು ತಪಾಸಣೆ ಮಾಡಿ, ಬೇಡವಾದದ್ದನ್ನು ಕತ್ತರಿಸುತ್ತದೆ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆಸುವ ಹಾಗೆ.

ಇದು ಬೇಕಾದದ್ದೇ. 2003ರಲ್ಲಿ ಮಾರ್ಕ್ ಪಿಲ್‌ಗ್ರಿಮ್ ಎಂಬ ತಂತ್ರಜ್ಞರು ತಮ್ಮ ಫೀಡ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಸೇರಿಸಿದರು. ತಪಾಸಣೆ ಮಾಡದ ಫೀಡ್ ರೀಡರ್‌ಗಳಲ್ಲಿ ಓದುಗರ ಮುಂದೆ ಪ್ಲಾಟಿಪಸ್ ಎಂಬ ಪ್ರಾಣಿಯ ಚಿತ್ರಗಳು ತುಂಬಿಕೊಂಡವು. ಅದು ತಮಾಷೆ, ಆದರೆ ಕೆಟ್ಟ ಉದ್ದೇಶದವರು ಇದೇ ದಾರಿಯಲ್ಲಿ ಕೇಡನ್ನೂ ಮಾಡಬಹುದು ಎಂದು ಎಲ್ಲರಿಗೂ ಮನವರಿಕೆಯಾಯಿತು. ಹೀಗಾಗಿ ಫೀಡ್ ರೀಡರ್‌ಗಳು ಸಾಮಾನ್ಯವಾಗಿ ಸ್ಕ್ರಿಪ್ಟ್‌ಗಳನ್ನೂ ಫಾರ್ಮ್‌ಗಳನ್ನೂ ತೆಗೆದುಹಾಕುತ್ತವೆ, ಬಣ್ಣ ಮತ್ತು ವಿನ್ಯಾಸದ ಸ್ಟೈಲ್ ಸೂಚನೆಗಳನ್ನೂ ಹೆಚ್ಚಿನವು ಬಿಡುತ್ತವೆ.

ಸ್ಟೈಲ್ ಸೂಚನೆ ಎಂಬ ಮಾತನ್ನು ಗಮನಿಸಿ. ಅಡ್ಡಗೆರೆಯನ್ನು ಎರಡು ರೀತಿಯಲ್ಲಿ ಎಳೆಯಬಹುದು. ಸ್ಟೈಲ್‌ನಿಂದ ಎಳೆದರೆ ಅದು ಬರೀ ಅಲಂಕಾರ, ಕತ್ತರಿಗೆ ಮೊದಲು ಸಿಗುವುದು ಅದೇ. ‘ಡೆಲ್’ ಎಂಬ ಟ್ಯಾಗ್‌ನಿಂದ ಎಳೆದರೆ, "ಇದು ಅಳಿಸಿದ ಮಾತು" ಎಂಬ ಅರ್ಥವೇ ಬರಹದೊಳಗೆ ಸೇರುತ್ತದೆ, ಅದು ಉಳಿಯುವ ಸಾಧ್ಯತೆ ಹೆಚ್ಚು. ಒತ್ತು ಕೊಡಲು ‘ಸ್ಟ್ರಾಂಗ್’ ಟ್ಯಾಗ್, ಪಟ್ಟಿಗೆ ಪಟ್ಟಿಯ ಟ್ಯಾಗ್ ಬಳಸಬೇಕೆಂದು ಹೇಳುವುದೂ ಇದೇ ಕಾರಣಕ್ಕೆ.

ಚಿತ್ರಗಳದ್ದು ಇನ್ನೊಂದು ಸಮಸ್ಯೆ. ತಾಣದೊಳಗೆ ಚಿತ್ರದ ವಿಳಾಸವನ್ನು ಅರ್ಧ ಬರೆದರೂ ನಡೆಯುತ್ತದೆ, ಉಳಿದರ್ಧವನ್ನು ಬ್ರೌಸರ್ ಸೇರಿಸಿಕೊಳ್ಳುತ್ತದೆ. ಫೀಡ್ ತಾಣದಿಂದ ಹೊರಗೆ ಹೋಗುವ ಕಡತ. ನಮ್ಮ ವಾಳೆಯೊಳಗೆ "ಮೂಲೆಮನೆ" ಎಂದರೆ ಎಲ್ಲರಿಗೂ ಗೊತ್ತು, ಮಸ್ಕತ್‌ನಿಂದ ಬರುವ ಪತ್ರದ ಮೇಲೆ ಅಷ್ಟೇ ಬರೆದರೆ ಪತ್ರ ತಲುಪೀತೇ? ಚಿತ್ರ ಮತ್ತು ಕೊಂಡಿಗಳ ವಿಳಾಸ ಪೂರ್ತಿಯಾಗಿ ಇರಬೇಕು.

ಕನ್ನಡದ ಮಟ್ಟಿಗೆ ಒಂದು ಮಾತು

ಮೊದಲೆಲ್ಲ ಕನ್ನಡದ ಹಲವು ತಾಣಗಳು ಯೂನಿಕೋಡ್ ಬಳಸುತ್ತಿರಲಿಲ್ಲ. ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ ಇರುತ್ತಿದ್ದವು, ಮೇಲೆ ಕನ್ನಡ ಫಾಂಟ್ ಹೊದಿಸಿ ಕನ್ನಡದಂತೆ ತೋರಿಸಲಾಗುತ್ತಿತ್ತು. ಫಾಂಟ್ ಸೂಚನೆ ಬಿದ್ದುಹೋದರೆ ಓದುಗರಿಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅಲ್ಲಿ ಅಲಂಕಾರ ಹೋದರೆ ಭಾಷೆಯೇ ಹೋಗುತ್ತಿತ್ತು. ಇಂದು ಯೂನಿಕೋಡ್ ಎಲ್ಲೆಡೆ ಇದೆ. ಆದರೂ ನಮ್ಮ ಚರ್ಚ್ ಕಚೇರಿಗಳ ಹಳೆಯ ಕಡತಗಳು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಉಳಿದಿರಬಹುದು. ಅವುಗಳನ್ನು ತಾಣಕ್ಕೆ ಹಾಕುವ ಮೊದಲು ಯೂನಿಕೋಡ್‌ಗೆ ಪರಿವರ್ತಿಸುವುದು ಅಗತ್ಯ.

ನಾನು ಮಾಡಿದ ತಪ್ಪು

ಮರಣ ವಾರ್ತೆಗೆ ಮರಳೋಣ. ನಮ್ಮ ತಾಣದ ಫೀಡ್‌ನಲ್ಲಿ ‘ಸಾರಾಂಶ ಮಾತ್ರ’ ಎಂಬ ಆಯ್ಕೆಯನ್ನು ನಾನೇ ಮಾಡಿದ್ದೆ. ಜನರು ತಾಣಕ್ಕೇ ಬಂದು ಓದಲಿ ಎಂಬ ಆಸೆಯಿಂದ. ತಾನಾಗಿ ತಯಾರಾಗುವ ಸಾರಾಂಶದಲ್ಲಿ ತಂತ್ರಾಂಶವು ಟ್ಯಾಗ್‌ಗಳನ್ನೆಲ್ಲ ಕಿತ್ತು, ಅಕ್ಷರಗಳನ್ನು ಮಾತ್ರ ಉಳಿಸುತ್ತದೆ. ಉದಾಹರಣೆಗೆ ವರ್ಡ್‌ಪ್ರೆಸ್‌ನಲ್ಲಿ, ಬೇರೆ ಸೂಚನೆ ಕೊಡದಿದ್ದರೆ, ಹೀಗೆ ಟ್ಯಾಗ್ ಕಿತ್ತ ಮೊದಲ 55 ಪದಗಳು ಸಾರಾಂಶವಾಗುತ್ತವೆ. ನನ್ನ ಅಡ್ಡಗೆರೆ ಹೋಯಿತು, ಗೆರೆಯ ಕೆಳಗಿದ್ದ 4.30 ಉಳಿಯಿತು. ತಂತ್ರಾಂಶ ತನ್ನ ಕೆಲಸ ಮಾಡಿತ್ತು. ಆಯ್ಕೆ ನನ್ನದು, ಪರೀಕ್ಷಿಸದೆ ಬಿಟ್ಟವನೂ ನಾನೇ.

ಪೂರ್ಣ ಬರಹವನ್ನು ಕಳುಹಿಸಿದ್ದರೆ ಸಾಕಾಗುತ್ತಿತ್ತೇ? ಪೂರ್ತಿ ಭರವಸೆ ಇಲ್ಲ. ಮುಖ್ಯ ಮಾತನ್ನು ಒಂದು ಗೆರೆಗೆ ಮತ್ತು ಒಂದು ಬಣ್ಣಕ್ಕೆ ಒಪ್ಪಿಸಿದ್ದೇ ಮೂಲ ತಪ್ಪು. "ಸಮಯ ಬದಲಾಗಿದೆ. ಬಲಿಪೂಜೆ ಸಂಜೆ 3.30ಕ್ಕೆ. ಮೊದಲು ತಿಳಿಸಿದ ಸಮಯ ಈಗ ಇಲ್ಲ" ಎಂದು ಮಾತಿನಲ್ಲೇ ಬರೆದಿದ್ದರೆ ಎಲ್ಲಾ ಟ್ಯಾಗ್‌ಗಳು ಉದುರಿದರೂ ಅರ್ಥ ಉಳಿಯುತ್ತಿತ್ತು.

ಕಾರ್ಯಕರ್ತರು ಗಮನಿಸಬೇಕಾದ ಅಂಶಗಳು

1. ಸಮಯ, ಸ್ಥಳ, ಹೆಸರು, ಬದಲಾವಣೆ ಇವುಗಳನ್ನು ಮಾತಿನಲ್ಲೇ ಹೇಳಿ. ಬಣ್ಣ, ಗೆರೆ, ದಪ್ಪ ಅಕ್ಷರ ಅದಕ್ಕೆ ಸಹಾಯವಾಗಿ ಮಾತ್ರ ಇರಲಿ.

2. ಪ್ರಕಟಣೆಯ ಮೊದಲ ಎರಡು ಸಾಲಿನಲ್ಲೇ ಮುಖ್ಯ ವಿಷಯ ಬರಲಿ. ಸಾರಾಂಶ ಕತ್ತರಿಸಿದರೂ ಅದು ಉಳಿಯುತ್ತದೆ.

3. ಫೀಡ್‌ನಲ್ಲಿ ಪೂರ್ಣ ಬರಹ ಹೋಗುತ್ತಿದೆಯೇ, ಸಾರಾಂಶವೇ ಎಂದು ತಾಣದ ಸೆಟ್ಟಿಂಗ್ಸ್‌ನಲ್ಲಿ ನೋಡಿ. ವರ್ಡ್‌ಪ್ರೆಸ್‌ನಲ್ಲಿ ಇದು ‘ರೀಡಿಂಗ್’ ವಿಭಾಗದಲ್ಲಿದೆ. ಸಾರಾಂಶವೇ ಇರಲಿ ಎಂದಾದರೆ ಅದನ್ನು ಕೈಯಾರೆ ಬರೆಯಿರಿ.

4. ಹಬ್ಬದ ನವೇನಾ, ಬಲಿಪೂಜೆಗಳ ವೇಳಾಪಟ್ಟಿಯನ್ನು ಕೋಷ್ಟಕದಲ್ಲಿ ಹಾಕುವಾಗ, ಟ್ಯಾಗ್ ಹೋದರೆ ಅಂಕಣಗಳೆಲ್ಲ ಒಂದೇ ಸಾಲಾಗುತ್ತವೆ ಎಂಬುದು ನೆನಪಿರಲಿ. ಒಂದು ದಿನಕ್ಕೆ ಒಂದು ಪೂರ್ಣ ವಾಕ್ಯ ಬರೆಯುವುದು ಸುರಕ್ಷಿತ. ವೇಳಾಪಟ್ಟಿಯ ಚಿತ್ರ ಮಾತ್ರ ಹಾಕಿದರೆ ಚಿತ್ರ ತೆರೆಯದವರಿಗೆ ಏನೂ ಸಿಗದು.

5. ವರ್ಡ್ ಕಡತದಿಂದ ನೇರವಾಗಿ ನಕಲು ಮಾಡಿ ಅಂಟಿಸಬೇಡಿ. ಬೇಡದ ಸ್ಟೈಲ್‌ಗಳೂ ಟ್ಯಾಗ್‌ಗಳೂ ಜೊತೆಗೆ ಬರುತ್ತವೆ. ಸಾದಾ ಬರಹವಾಗಿ ಅಂಟಿಸಿ, ನಂತರ ಬೇಕಾದಷ್ಟು ವಿನ್ಯಾಸ ಮಾಡಿ.

6. ಫೀಡ್ ಕಡತವನ್ನು ಕೈಯಿಂದ ಬರೆಯುವವರಿದ್ದರೆ, ಎಕ್ಸ್‌ಎಂಎಲ್‌ಗೆ ತಾನಾಗಿ ಗೊತ್ತಿರುವ ಬದಲಿ ಹೆಸರುಗಳು ಐದು ಮಾತ್ರ ಎಂಬುದು ತಿಳಿದಿರಲಿ: ಎರಡು ಬಾಣದ ಮೊನೆ, ಆಂಪರ್ಸೆಂಡ್, ಎರಡು ಬಗೆಯ ಉದ್ಧರಣ ಚಿಹ್ನೆ. ಜಾಲಪುಟದಲ್ಲಿ ಖಾಲಿ ಜಾಗಕ್ಕೆ ಬಳಸುವ ‘ಎನ್‌ಬಿಎಸ್‌ಪಿ’ಯನ್ನು ಸುತ್ತದೆ ಹಾಗೇ ಹಾಕಿದರೆ ಫೀಡ್ ನಿಂತುಹೋಗಬಹುದು.

7. ವರ್ಲ್ಡ್ ವೈಡ್ ವೆಬ್ ಕನ್ಸಾರ್ಶಿಯಂನ ಫೀಡ್ ಪರೀಕ್ಷಾ ಸೇವೆ ಉಚಿತವಾಗಿ ಲಭ್ಯವಿದೆ. ನಿಮ್ಮ ಫೀಡ್‌ನ ವಿಳಾಸ ಕೊಟ್ಟರೆ ದೋಷ ಯಾವ ಸಾಲಿನಲ್ಲಿದೆ ಎಂದು ತೋರಿಸುತ್ತದೆ.

8. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ತಾಣದ ಫೀಡ್‌ಗೆ ನೀವೇ ಚಂದಾದಾರರಾಗಿ. ಪ್ರಕಟಿಸಿದ ಮೇಲೆ ಒಮ್ಮೆ ಅಲ್ಲಿಯೂ ಓದಿ ನೋಡಿ.

ಕೊನೆಯ ಮಾತು

ನಮ್ಮ ಕರಾವಳಿಯಲ್ಲಿ ಒಬ್ಬರಾದರೂ ಪರದೇಶದಲ್ಲಿ ಇಲ್ಲದ ಮನೆ ಕಡಿಮೆ. ಊರಿನ ಜನನ, ಮದುವೆ, ಮರಣದ ಸುದ್ದಿ ಅವರಿಗೆ ತಲುಪುವುದು ಸಣ್ಣ ಪರದೆಗಳ ಮೂಲಕ. ನಮ್ಮ ಪುಟ ಅಲ್ಲಿ ಹೇಗೆ ಕಾಣುತ್ತದೆ ಎಂದು ನಮಗೆ ಕಾಣುವುದಿಲ್ಲ. ಅವರು ಓದಿದ್ದನ್ನು ನಂಬಿ ಊರಿನವರಿಗೆ ಹೇಳುತ್ತಾರೆ, ಊರಿನವರು ಅದನ್ನು ನಂಬಿ ಹೊರಡುತ್ತಾರೆ.

ಆ ಸಂಜೆಯ ನಂತರ ನಾನು ಆ ಮನೆಗೆ ಹೋಗಿ ಕ್ಷಮೆ ಕೇಳಿದೆ. ಮೃತರ ತಂಗಿ ಇನ್ನೂ ಅಲ್ಲೇ ಇದ್ದರು. ಟ್ಯಾಗ್, ಫೀಡ್ ಎಂದೆಲ್ಲ ವಿವರಿಸಲು ನನಗೆ ಬಾಯಿ ಬರಲಿಲ್ಲ. "ಹೋಗಲಿ ಬಿಡಿ ಮಾಸ್ಟ್ರೇ, ಇನ್ನೊಬ್ಬರಿಗೆ ಹೀಗೆ ಆಗದ ಹಾಗೆ ನೋಡಿಕೊಳ್ಳಿ" ಎಂದರು. ಅಂದಿನಿಂದ ಯಾವ ಪ್ರಕಟಣೆಯನ್ನೇ ಹಾಕಲಿ, ಫೀಡ್‌ನಲ್ಲಿ ಓದಿ ನೋಡದೆ ನಾನು ಗಣಕಯಂತ್ರ ಮುಚ್ಚುವುದಿಲ್ಲ. ತಾಣಗಳ ಕೆಲಸವನ್ನು ಕೈಗೆತ್ತಿಕೊಂಡಿರುವ ನಮ್ಮ ಯುವಜನರೂ ಈ ಅಭ್ಯಾಸವನ್ನು ಇಟ್ಟುಕೊಳ್ಳಬೇಕೆಂದು ವಿನಂತಿ.